ಹಿಂದಕ್ಕೆ ಓಡುವ ಬಸ್ಸು

ಬಾಗೂರು,
11-6-1978

ಉಗ್ರಪ್ಪನಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದ ಅಂತ ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮುಂಚೆ ಒಂದು ಸಲ ಓದು. ಏಳು ವರ್ಷಕ್ಕೆ ಒಂದೇ ಕಾಗದ ಬರೆಯುವ ಅಪ್ಪನಿಗೆ ಅಷ್ಟು ದಯೆ ತೋರಿಸಬಹುದು. ನಿನ್ನ ವಿಳಾಸ ಕೊಟ್ಟವನು ಕೆಂಚಣ್ಣ, ನಿನ್ನ ಜೊತೆ ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದನಲ್ಲ, ಅವನು. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ನೀನು ಬೊಂಬಾಯಿಯಲ್ಲಿ ಕಾರ್ಟೂನ್ ಸಿನಿಮಾಕ್ಕೆ ಚಿತ್ರ ಬರೆಯುತ್ತೀಯಂತೆ. ವಿಳಾಸ ಕೊಡಬೇಡ ಅಂದಿದ್ದೆಯಂತೆ, ಆದರೂ ಕೊಟ್ಟ. ಅವನ ಮೇಲೆ ಸಿಟ್ಟಾಗಬೇಡ, ನಾನು ಬಹಳ ಕಾಡಿದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಅಕ್ಕ ಜುಂಜಮ್ಮನ ಮಗಳು ಪಾಲಮ್ಮ, ಮನೆಯಲ್ಲಿ ಪಾಲಿ, ಈಗ ಎರಡನೇ ಕ್ಲಾಸು. ನಿನ್ನ ಅವ್ವನ ಹೆಸರನ್ನೇ ಇಟ್ಟಿದ್ದೇವೆ. ಅವಳ ಅಪ್ಪ ಬೀರಪ್ಪ ತುರುವನೂರಿನ ಕಡೆ ಬೇರೆ ಮದುವೆಯಾಗಿ ಹೋದ, ಕೂಸು ನನ್ನ ಹತ್ತಿರವೇ ಬೆಳೆಯಿತು. ಹಟ್ಟಿಯಿಂದ ಬಾಗೂರಿನ ಶಾಲೆಗೆ ನನ್ನ ಬೆರಳು ಹಿಡಿದು ಬರುತ್ತಾಳೆ, ಶಾಲೆಯೊಳಗೆ ಕಾಲಿಟ್ಟ ಮೇಲೆ ತಾತ ಅನ್ನದೆ, ಮೇಷ್ಟ್ರಿಗೆ ಅನ್ನುವಂತೆ 'ಸಾ' ಅನ್ನುತ್ತಾಳೆ. ಅಷ್ಟು ಶಿಸ್ತು.

ಹೋದ ವಾರ ಮಕ್ಕಳಿಗೆ 'ನಮ್ಮ ಮನೆಯವರು' ಅಂತ ಸ್ಲೇಟಿನ ಮೇಲೆ ಚಿತ್ರ ಬರೆಯಲು ಹೇಳಿದೆ. ಇವಳು ಮೀಸೆಯ ಸಮೇತ ನನ್ನನ್ನು ಬರೆದಳು. ಆರು ಕಾಲಿನ ಒಂದು ಕುರಿ ಬರೆದಳು. ಆರು ಯಾಕೆ ಅಂದರೆ, "ಅದು ಓಡ್ತಾ ಐತೆ ಸಾ" ಅಂದಳು. ಪಕ್ಕದಲ್ಲಿ ಒಂದು ಸೀರೆ, ಎರಡು ಕೈ, ಬಳೆ. ತಲೆ ಇರಲಿಲ್ಲ.

"ಇದ್ಯಾರು?" ಅಂದೆ.

"ನಮ್ಮವ್ವ."

"ತಲೆ ಎಲ್ಲಿ?"

"ನಂಗೊತ್ತಿಲ್ಲ. ನಿಂಗೊತ್ತೈತಲ್ಲ ತಾತ, ನೀನೇ ಬರಿ" ಅಂತ ಬಳಪ ನನ್ನ ಕೈಗೆ ಕೊಟ್ಟಳು. ಆಗ ಮಾತ್ರ ಕ್ಲಾಸಿನಲ್ಲಿ 'ಸಾ' ಅನ್ನುವುದನ್ನು ಮರೆತಳು.

ನಾನು ಬಳಪ ಹಿಡಿದುಕೊಂಡು ನಿಂತೆ, ಅಷ್ಟೇ. ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವನಿಗೆ ಒಂದು ಮುಖ ಬರೆಯಲು ಆಗಲಿಲ್ಲ. ನಿನ್ನ ಅಕ್ಕನದು ಒಂದೂ ಫೋಟೋ ಇಲ್ಲ, ನಿನಗೆ ಗೊತ್ತು. ಅವಳ ಮುಖ ಇರುವುದು ನಿನ್ನ ನೋಟುಬುಕ್ಕಿನಲ್ಲಿ ಮಾತ್ರ, ಅದನ್ನು ನೀನು ತೆಗೆದುಕೊಂಡು ಹೋದೆ. ಒಂದು ಹಾಳೆ ಕಳಿಸು. ನನಗೆ ಅಂತ ಕೇಳುತ್ತಿಲ್ಲ, ಕೂಸಿಗೆ ತನ್ನ ತಾಯಿಯ ಮುಖ ಗೊತ್ತಾಗಲಿ.

ಇಂತಿ ನಿನ್ನ ತಂದೆ,
ಯತ್ತಪ್ಪ


ದಾದರ್, ಬೊಂಬಾಯಿ,
2-7-1978

ಯತ್ತಪ್ಪ ಮೇಷ್ಟ್ರಿಗೆ,

ನಿಮ್ಮ ಕಾಗದ ತಲುಪಿತು. ಹರಿಯಲಿಲ್ಲ. ಕೂಸು ಓದುತ್ತಿದೆ ಎಂದು ತಿಳಿದು ಸಂತೋಷವಾಯಿತು.

ನೋಟುಬುಕ್ಕು ನನ್ನ ಹತ್ತಿರ ಇದೆ. ಅದರಲ್ಲಿ ಅಕ್ಕನ ಮುಖಗಳು ಮೂವತ್ತೋ ಮೂವತ್ತೈದೋ ಇವೆ. ಒಂದನ್ನೂ ಕಳಿಸುವುದಿಲ್ಲ. ಬದುಕಿದ್ದಾಗ ಅವಳನ್ನು ಬೇಲಿಯ ಒಳಗೆ ಬಿಡದ ಹಟ್ಟಿಗೆ ಅವಳ ಚಿತ್ರ ಮಾತ್ರ ಯಾಕೆ ಬೇಕು? ಹೆತ್ತ ಮೈ, ಮೈಲಿಗೆ ಅಂತ ಮಳೆಯಲ್ಲಿ ಗುಡಿಸಲಿನಲ್ಲಿ ಮಲಗಿಸಿದಿರಿ. ಆವತ್ತು ಪೂಜಾರಿ ಚಿತ್ತಪ್ಪನ ಮುಂದೆ ನಾನು ಏನೇನು ಅಂದೆನೋ ಅದನ್ನೆಲ್ಲ ಈಗಲೂ ಅನ್ನುತ್ತೇನೆ. ನೀವು ಒಬ್ಬರೇ ಓದಿದವರು, ಅವನ ಮಾತಿಗೆ ತಲೆ ಬಾಗಿಸಿ ಕೂತಿರಿ. ಅದಕ್ಕೇ ಏಳು ವರ್ಷ ಬರೆಯಲಿಲ್ಲ.

ಕೆಲಸದ ಬಗ್ಗೆ ಕೆಂಚಣ್ಣ ಹೇಳಿದ್ದು ನಿಜ. ಇಲ್ಲಿ ಒಂದು ಸಣ್ಣ ಸ್ಟುಡಿಯೋ, ಹನ್ನೊಂದು ಜನ. ಥಿಯೇಟರುಗಳಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ತೋರಿಸುವ ಹತ್ತು ನಿಮಿಷದ ಕಾರ್ಟೂನು ಮಾಡುತ್ತೇವೆ. ಒಂದು ಸಂಸಾರದ ಕಥೆ: ತಾತ, ಅಪ್ಪ, ಅವ್ವ, ಒಬ್ಬ ಅಕ್ಕ, ಒಬ್ಬ ತಮ್ಮ. ಪ್ರತಿ ರಜೆಯಲ್ಲೂ ಒಂದು ಹಳೇ ಬಸ್ಸು ಹತ್ತುತ್ತಾರೆ. ಡ್ರೈವರು ರಿವರ್ಸ್ ಗೇರು ಹಾಕಿದರೆ ಬಸ್ಸು ರಸ್ತೆಯ ಮೇಲಲ್ಲ, ಕಾಲದ ಮೇಲೆ ಹಿಂದಕ್ಕೆ ಓಡುತ್ತದೆ. ದಸರಾ ರಜೆಯಲ್ಲಿ ಕೋಟೆ ಕಟ್ಟುವವರ ಕಾಲಕ್ಕೆ ಹೋದರು, ಬೇಸಿಗೆ ರಜೆಯಲ್ಲಿ ಆನೆಗಿಂತ ದೊಡ್ಡ ಹಲ್ಲಿಗಳ ಕಾಲಕ್ಕೆ. ಮಾತಿಲ್ಲ, ಬರೀ ವಾದ್ಯ, ಹಾಗಾಗಿ ಯಾವ ಭಾಷೆಯವರಾದರೂ ನೋಡಬಹುದು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಕೂಸಿನ ಆರು ಕಾಲಿನ ಕುರಿ ಸರಿಯಾಗಿದೆ, ತಿದ್ದಬೇಡಿ. ಓಡುವುದನ್ನು ನಾವೂ ಹಾಗೇ ಬರೆಯುತ್ತೇವೆ.

ಉಗ್ರಪ್ಪ


ಬಾಗೂರು,
20-7-1978

ಉಗ್ರಪ್ಪನಿಗೆ,

ಕಳಿಸುವುದಿಲ್ಲ ಅಂದೆ, ಸರಿ. ನಿನ್ನ ವಸ್ತು, ನಿನ್ನ ಹಠ. ಆ ಹಠ ಯಾರಿಂದ ಬಂತು ಅಂತ ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಿನ್ನ ಕಾಗದದಲ್ಲಿ ಬಸ್ಸಿನ ಭಾಗವನ್ನು ಮಾತ್ರ ಪಾಲಿಗೆ ಓದಿ ಹೇಳಿದೆ. ತಪ್ಪು ಮಾಡಿದೆ. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಹೊಸದುರ್ಗದ ಬಸ್ಸು ಬಂದಾಗೆಲ್ಲ ರಸ್ತೆಗೆ ಓಡಿಹೋಗಿ ಡ್ರೈವರಿಗೆ, "ಹಿಂದಕ್ಕೆ ಹೋಗ್ರಿ, ಹಿಂದಕ್ಕೆ ಹೋಗ್ರಿ" ಅಂತ ಕೂಗುತ್ತಾಳೆ. ಅವನು ಪಾಪ ಒಂದು ದಿನ ನಾಲ್ಕು ಮಾರು ಹಿಂದಕ್ಕೆ ತೆಗೆದೂ ತೋರಿಸಿದ. ಇವಳು ಸುತ್ತಮುತ್ತ ನೋಡಿ, "ಏನೂ ಆಗ್ಲಿಲ್ಲ" ಅಂತ ಬೇಜಾರು ಮಾಡಿಕೊಂಡು ಬಂದಳು.

ನಿನಗೆ ಬರೆಯಬೇಕು ಅಂತ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಮಾವ, ಆ ಬಸ್ಸು ನಮ್ಮೂರಿಗೆ ಬರ್ತೈತಾ? ನಾನು ಹುಟ್ಟಿದ ದಿನಕ್ಕೆ ಹೋಗ್ತೈತಾ? ಅಲ್ಲಿಗೆ ಹೋದ್ರೆ ನಮ್ಮವ್ವ ಕಾಣ್ತಾಳಾ? ಟಿಕೆಟ್ಟು ತಾತ ತಗಸ್ತಾನೆ."

ಇದಕ್ಕೆ ಉತ್ತರ ನಾನು ಹೇಳುವುದಲ್ಲ. ನೀನೇ ಹೇಳು.

ಅಪ್ಪ


ದಾದರ್, ಬೊಂಬಾಯಿ,
17-9-1978

ಅಪ್ಪನವರಿಗೆ,

ಕೂಸಿನ ಪ್ರಶ್ನೆಗೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದು ಬರೆದು ಹರಿದೆ. ಈಗ ಒಂದು ಸಂದರ್ಭ ಬಂದಿದೆ.

ನಮ್ಮ ಸ್ಟುಡಿಯೋದ ಯಜಮಾನರು ವಯಸ್ಸಾದ ಪಾರ್ಸಿ. ಹೋದ ವಾರ ನನ್ನನ್ನು ಕರೆದು, ಮುಂದಿನ ಕಂತು ದೀಪಾವಳಿ ರಜೆಯದು, ಕಥೆ ನೀನೇ ಮಾಡು, ನಿಮ್ಮ ಕಡೆಯದು ಏನಾದರೂ ಇರಲಿ ಅಂದರು. ನಾನು ಇಲ್ಲಿಯ ತನಕ ಕಥೆ ಮಾಡಿದವನಲ್ಲ. ಇಲ್ಲಿ ದೊಡ್ಡ ಕಲಾವಿದರು ಇಬ್ಬರಿದ್ದಾರೆ. ಒಂದು ಹುಡುಗಿ ಕೂತವಳು ಎದ್ದು ನಿಲ್ಲಬೇಕು ಎಂದರೆ ಕೂತ ಚಿತ್ರ ಒಂದು, ನಿಂತ ಚಿತ್ರ ಒಂದು ಅವರು ಬರೆಯುತ್ತಾರೆ. ನಡುವಿನದೆಲ್ಲ ನನ್ನ ಕೆಲಸ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ. ಐದು ವರ್ಷದಿಂದ ನಡುವಿನದನ್ನೇ ಬರೆಯುತ್ತಿದ್ದೇನೆ.

ಯಜಮಾನರು ಹೇಳಿದ ಕೂಡಲೇ ನನಗೆ ಹೊಳೆದದ್ದು ಒಂದೇ ಕಥೆ. ದೀಪಾವಳಿ ರಜೆಯಲ್ಲಿ ಆ ಸಂಸಾರ ಬಸ್ಸು ಹತ್ತುತ್ತದೆ. ಬಸ್ಸು ಹಿಂದಕ್ಕೆ ಓಡಿ 1971ರ ನಮ್ಮ ಹಟ್ಟಿಯ ಮುಂದೆ ನಿಲ್ಲುತ್ತದೆ. ಮಳೆ. ಬೇಲಿಯಾಚೆ ಗುಡಿಸಲಿನಲ್ಲಿ ಬಾಣಂತಿ, ಕೂಸು. ಬಾಣಂತಿಗೆ ಅಕ್ಕನ ಮುಖ ಕೊಡುತ್ತೇನೆ. ಹಾಳೆಯಲ್ಲಿ ಕಳಿಸಿದರೆ ಕೂಸು ನೋಡುವುದು ಸತ್ತ ಮುಖ. ಪರದೆಯ ಮೇಲಾದರೆ ಅವಳ ಅವ್ವ ರೆಪ್ಪೆ ಬಡಿಯುತ್ತಾಳೆ, ತಲೆ ತಿರುಗಿಸುತ್ತಾಳೆ, ನಗುತ್ತಾಳೆ. ಕೂಸಿಗೆ ಹೇಳಿ, ಬಸ್ಸು ನಿಮ್ಮೂರಿಗೆ ಬರುತ್ತದೆ ಎಂದು.

ಆದರೆ ಇದಕ್ಕೆ ನಿಮ್ಮಿಂದ ಒಂದು ಆಗಬೇಕು. ಅಕ್ಕನ ವಿಷಯದಲ್ಲಿ ನನ್ನ ಹತ್ತಿರ ಮೊದಲ ಚಿತ್ರ ಇದೆ: ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕಟ್ಟೆಯ ಮೇಲೆ ಕೂತು ಹುಣಿಸೆಕಾಯಿ ತಿನ್ನುತ್ತಿದ್ದಳು. ಕೊನೆಯ ಚಿತ್ರ ಇದೆ: ಹಸಿ ಮಣ್ಣು, ಅದರ ಮೇಲೆ ಬೇಲಿಯ ಮುಳ್ಳು. ನಡುವಿನದು ಇಲ್ಲ. ಅದು ನಿಮ್ಮ ಹತ್ತಿರ ಇದೆ. ದೀಪಾವಳಿ ರಜೆಗೆ ಬಾ ಅಂತ ಅಕ್ಕ ಹೇಳಿಕಳಿಸಿದ್ದಳು, ನಾನು ಗೆಳೆಯರ ಜೊತೆ ದುರ್ಗದಲ್ಲೇ ಉಳಿದುಬಿಟ್ಟೆ. ಅದು ನನ್ನ ಪಾಲಿನ ತಪ್ಪು, ಅದನ್ನು ದಿನಾ ತಿನ್ನುತ್ತಿದ್ದೇನೆ. ಆ ಆರು ದಿನ ಏನಾಯಿತು, ಯಾರು ಏನು ಅಂದರು, ಎಲ್ಲ ಬರೆಯಿರಿ. ಬಿಡಬೇಡಿ. ಚಿತ್ತಪ್ಪನ ಮುಖವನ್ನಂತೂ ಆಗಲೇ ಬರೆದಿಟ್ಟಿದ್ದೇನೆ, ರಾಕ್ಷಸನ ಮೀಸೆ, ಗುಡ್ಡದಂಥ ಮೂಗು. ದೇಶದ ಮಕ್ಕಳೆಲ್ಲ ಅವನನ್ನು ನೋಡಿ ಹೆದರಬೇಕು.

ಉಗ್ರಪ್ಪ


ಬಾಗೂರು,
29-10-1978

ಉಗ್ರಪ್ಪನಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಶಾಲೆಗೆ ದೀಪಾವಳಿ ರಜೆ. ಪಾಲಿಯನ್ನು ಸೂಲಗಿತ್ತಿ ತಿಪ್ಪಕ್ಕನ ಮನೆಯಲ್ಲಿ ಬಿಟ್ಟು, ಖಾಲಿ ಶಾಲೆಯಲ್ಲಿ ಬೆಳಗಿನಿಂದ ಕೂತು ಬರೆಯುತ್ತಿದ್ದೇನೆ.

ಚಿತ್ತಪ್ಪನ ಚಿತ್ರ ಹರಿದು ಹಾಕು. ಮೊದಲು ಅದನ್ನು ಮಾಡು, ಆಮೇಲೆ ಮುಂದಕ್ಕೆ ಓದು.

ಕೂಸು ಹುಟ್ಟಿದ ದಿನ ಬಿಸಿಲಿತ್ತು. ಪದ್ಧತಿಯಂತೆ ತಾಯಿ ಕೂಸು ಇಬ್ಬರನ್ನೂ ಬೇಲಿಯಾಚೆ ಗುಡಿಸಲಿಗೆ ಕಳಿಸಿದೆವು. ನಿನ್ನ ಅವ್ವ ಹೆತ್ತಾಗಲೂ ಅಲ್ಲಿಯೇ ಇದ್ದಳು, ನೀನು ಹುಟ್ಟಿದ್ದೂ ಅಂಥ ಗುಡಿಸಲಿನಲ್ಲೇ. ಅವ್ವ ಇದ್ದಿದ್ದರೆ ಮಗಳ ಬಗಲಿಗೆ ಹೋಗಿ ಮಲಗುತ್ತಿದ್ದಳು. ಅವಳಿರಲಿಲ್ಲ. ತಿಪ್ಪಕ್ಕ ಅನ್ನ ನೀರು ಕೊಟ್ಟು ಬರುತ್ತಿದ್ದಳು. ಮೂರನೇ ದಿನ ಮಳೆ ಹಿಡಿಯಿತು. ನಮ್ಮ ಕಡೆ ಕಾಣದಂಥ ಮಳೆ, ಕುರಿ ರೊಪ್ಪದಲ್ಲಿ ಮೊಣಕಾಲುದ್ದ ನೀರು.

ನಾಲ್ಕನೇ ದಿನ ಮಧ್ಯಾಹ್ನ ಚಿತ್ತಪ್ಪ ಕಂಬಳಿ ಹೊದ್ದುಕೊಂಡು ನಮ್ಮ ಮನೆಗೆ ಬಂದ. ಅವನ ಮಾತು ಒಂದಕ್ಷರ ಬಿಡದೆ ನೆನಪಿದೆ.

"ಮೇಷ್ಟ್ರೇ, ಗುಡ್ಲು ಸೋರ್ತೈತೆ. ತಾಯಿನ್ನ ಕೂಸಿನ್ನ ಒಳಕ್ಕೆ ಕರ್ಕಂಬರ್ರಿ. ದೇವ್ರಿಗೆ ನಾನು ಹೇಳ್ಕಂತೀನಿ. ಯಾರಾನ ಕೇಳಿದ್ರೆ ನಾನೇ ಹೇಳ್ದೆ ಅನ್ರಿ."

ನಾನು ಏನಂದೆ ಗೊತ್ತೇನು? "ನನಗೊಂದು ನ್ಯಾಯ, ಹಟ್ಟಿಗೊಂದು ನ್ಯಾಯ ಬ್ಯಾಡ ಚಿತ್ತಪ್ಪಣ್ಣ. ಎಲ್ಲಾರ ಮಕ್ಕಳು ಇದ್ದಂಗೆ ನನ್ನ ಮಗಳೂ ಇರ್ತಾಳೆ."

ಅವನು, "ಮೊಂಡತನ ಮಾಡಬ್ಯಾಡ್ರಿ" ಅಂದ. ನಾನು ಒಳಗೆ ಹೋದೆ.

ಯಾಕೆ ಹಾಗಂದೆ ಅಂತ ನೀನು ಕೇಳುತ್ತೀಯ. ಆ ವರ್ಷ ಬೇಸಿಗೆಯಲ್ಲಿ ಯಾರೂ ಚಪ್ಪಲಿ ಮೆಟ್ಟದ ಹಟ್ಟಿಯೊಳಗೆ ನಾನು ಮರೆತು ಮೆಟ್ಟಿಕೊಂಡು ಬಂದಿದ್ದೆ. ಎಲ್ಲರ ಮುಂದೆ ಕೈಮುಗಿದು ತಪ್ಪಾಯಿತು ಅನ್ನಬೇಕಾಯಿತು. ಹಿಂದಿನಿಂದ ಯಾರೋ, "ಓದಿದೋನಿಗೆ ದೇವ್ರೆಲ್ಲಿ" ಅಂದು ನಕ್ಕರು. ಆ ನಗು ನನ್ನ ಕಿವಿಯಲ್ಲಿ ಉಳಿಯಿತು. ನಾನು ಓದಿದರೂ ನಿಮ್ಮವನೇ, ನಿಮಗಿಂತ ಒಂದು ಕೈ ಹೆಚ್ಚೇ ಅಂತ ತೋರಿಸಬೇಕು ಅಂತ ಒಳಗೇ ಕುದಿಯುತ್ತಿತ್ತು. ಪೂಜಾರಿಗೇ ಬೇಡವಾದ ಮಡಿಯನ್ನು ನಾನು ಹಿಡಿದುಕೊಂಡೆ. ಅವನ ಮಾತು ಮೀರಿ ನಿಂತಾಗ, ನನ್ನ ಹಾಳು ಮನಸ್ಸಿಗೆ ಹೆಮ್ಮೆಯೂ ಆಯಿತು. ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು ಮಗ.

ಐದನೇ ದಿನ ತಿಪ್ಪಕ್ಕ ಬಂದು, "ಮೈ ಕಾದೈತೆ ಮೇಷ್ಟ್ರೇ, ಒಂದೀಟು ನೀವೇ ಬಂದು ನೋಡ್ರಿ" ಅಂದಳು. ಒಂದು ಜ್ವರದ ಗುಳಿಗೆ ಕೊಟ್ಟು ಕಳಿಸಿದೆ. ಮಳೆ ನಿಂತ ಮೇಲೆ ಹೊಸದುರ್ಗದ ಆಸ್ಪತ್ರೆಗೆ ಗಾಡಿ ಕಟ್ಟಿಸೋಣ ಅಂದುಕೊಂಡೆ. ಆರನೇ ದಿನ ಬೆಳಿಗ್ಗೆ ತಿಪ್ಪಕ್ಕ ಕೂಗಿಕೊಂಡಳು. ಜುಂಜಮ್ಮ ಸೋರುವ ಕಡೆಗೆ ಬೆನ್ನು ಕೊಟ್ಟು ಮಲಗಿದ್ದಳಂತೆ. ಸೀರೆಯೆಲ್ಲ ನೆನೆದು ತೊಪ್ಪೆಯಾಗಿತ್ತು. ಕೂಸಿನ ಮೈಗೆ ಒಂದು ಹನಿ ತಾಗಿರಲಿಲ್ಲ.

ನೀನು ಬಂದು ಚಿತ್ತಪ್ಪನ ಎದೆಗೆ ಕೈಯಿಟ್ಟು ನೂಕಿದೆ, ಕೊಲೆಗಾರ ಅಂದೆ, ಮುಖಕ್ಕೆ ಉಗಿದೆ. ಅವನು ಬಾಯಿ ಬಿಡಲಿಲ್ಲ. ನನ್ನ ಕಡೆ ಒಂದು ಸಲ ನೋಡಿದ. ನಾನು ಹೇಳುತ್ತೇನೇನೋ ಅಂತ ಕಾದ. ನಾನು ಹೇಳಲಿಲ್ಲ. ಅವನು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು ಹೋದ. ಹೋದ ವರ್ಷ ತೀರಿಕೊಂಡ. ಸಾಯುವ ತನಕ ಒಬ್ಬರ ಮುಂದೂ ಹೇಳಲಿಲ್ಲ. ನನ್ನ ಪಾಪವನ್ನು ಆ ಮನುಷ್ಯ ಆರು ವರ್ಷ ಹೊತ್ತ.

ನೀನು ಕೇಳಿದ ನಡುವಿನದು ಇದು. ಏನು ಬರೆಯುತ್ತೀಯೋ ಬರಿ.

ಯತ್ತಪ್ಪ


ಬಾಗೂರು,
18-12-1978

(ಕಾರ್ಡು)

ಉಗ್ರಪ್ಪನಿಗೆ,

ಅಕ್ಟೋಬರ್ ಕೊನೆಯಲ್ಲಿ ಒಂದು ದಪ್ಪ ಕವರು ಹಾಕಿದ್ದೆ. ಮುಟ್ಟಿತೋ ಇಲ್ಲವೋ ಅಷ್ಟು ಮಾತ್ರ ತಿಳಿಸು. ನಿನ್ನಿಂದ ಬೇರೇನನ್ನೂ ಕೇಳುವ ಮುಖ ನನಗಿಲ್ಲ. ಪಾಲಿ ಬಸ್ಸು ಎಲ್ಲಿಯ ತನಕ ಬಂತು ಅಂತ ದಿನಾ ಕೇಳುತ್ತಾಳೆ. ಹಿರಿಯೂರಿನ ತನಕ ಬಂದಿದೆ, ಅಲ್ಲಿ ಟೈರು ಪಂಚರ್ ಆಗಿದೆ ಅಂತ ಹೇಳಿಟ್ಟಿದ್ದೇನೆ.

ಅಪ್ಪ


ದಾದರ್, ಬೊಂಬಾಯಿ,
4-3-1979

ಅಪ್ಪ,

ಕವರು ಮುಟ್ಟಿತ್ತು. ಕಾರ್ಡೂ ಮುಟ್ಟಿತು.

ನವೆಂಬರ್ ಪೂರ್ತಿ ನಿಮ್ಮ ಮೇಲೆ ಬಂದ ಸಿಟ್ಟನ್ನು ಬರೆದರೆ ಕಾಗದ ಸಾಲದು. ಏಳು ವರ್ಷ ತಪ್ಪು ಮನುಷ್ಯನನ್ನು ದ್ವೇಷಿಸಿದೆ. ಉಗಿದ ಮುಖಕ್ಕೆ ಈಗ ಕ್ಷಮೆ ಕೇಳೋಣ ಎಂದರೆ ಆ ಮುಖವೇ ಇಲ್ಲ. ಅದಕ್ಕೂ ನೀವೇ ಕಾರಣ. ರಾತ್ರಿ ಹಗಲು ಅದನ್ನೇ ನೆನೆದು, ಈ ಕಥೆ ಬೇಡ ಎಂದು ಯಜಮಾನರಿಗೆ ಹೇಳಲು ಹೋದೆ. ಅವರು ನನ್ನ ಮೇಜಿನ ಮೇಲಿದ್ದ ಅಕ್ಕನ ಮುಖ ನೋಡಿ, "ಇವಳ ಚಿತ್ರ ಮುಗಿಸು, ಉಳಿದದ್ದು ಆಮೇಲೆ ನೋಡೋಣ" ಅಂದರು.

ಆರು ನೂರು ಹಾಳೆ ಹರಿದೆ. ಚಿತ್ತಪ್ಪನ ಮೀಸೆ ಮೂಗು ಎಲ್ಲ ಹೋಯಿತು. ಹೊಸದಾಗಿ ಶುರು ಮಾಡಿದೆ. ಆ ಸಂಸಾರ ಬಸ್ಸಿನಿಂದಿಳಿದು ಅಕ್ಕನನ್ನು ಎತ್ತಿಕೊಂಡು ಹಟ್ಟಿಯೊಳಕ್ಕೆ ಬರುವುದು ಎಂದು ಬರೆದೆ. ಯಜಮಾನರು ಒಪ್ಪಲಿಲ್ಲ. ನಮ್ಮ ಕಾರ್ಟೂನಿಗೆ ಮೊದಲಿನಿಂದ ಒಂದೇ ಒಂದು ನಿಯಮ: ಹಿಂದಕ್ಕೆ ಹೋದವರು ಅಲ್ಲಿ ನಡೆದದ್ದನ್ನು ಬದಲಾಯಿಸುವ ಹಾಗಿಲ್ಲ. ನೋಡಬಹುದು, ಹೆದರಬಹುದು, ಓಡಬಹುದು. ಬದಲಾಯಿಸುವ ಹಾಗಿಲ್ಲ. ಹಾಗೆ ಮಾಡಿದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ ಎಂದರು. ನಾನು ಜಗಳವಾಡಿದೆ. ನಾಲ್ಕನೇ ದಿನ ಬೇರೆ ಒಂದು ಕೊನೆ ಬರೆದೆ. ಯಜಮಾನರು ನೋಡಿ, "ಇದರಿಂದ ಏನೂ ಬದಲಾಗುವುದಿಲ್ಲ, ಇದು ಇರಲಿ" ಅಂದರು. ಅದು ಏನು ಎಂದು ಇಲ್ಲಿ ಬರೆಯುವುದಿಲ್ಲ. ನೋಡಿ.

ಅಕ್ಕ ಹನ್ನೊಂದು ಸೆಕೆಂಡು ಇರುತ್ತಾಳೆ. ಅಷ್ಟನ್ನೂ ನಾನೊಬ್ಬನೇ ಬರೆದೆ, ಮೊದಲನೆಯದು, ಕೊನೆಯದು, ನಡುವಿನದು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಟಗರು ಹಾಯ್ದಿದ್ದ ಎಡ ಹುಬ್ಬಿನ ಗಾಯವೂ ಇದೆ. ಕೂಸು ಕಣ್ಣು ಮಿಟುಕಿಸದೆ ನೋಡಲಿ ಎಂದು ಹೇಳಿ.

ಏಪ್ರಿಲ್ ಕೊನೆಯ ಭಾನುವಾರ ಚಿತ್ರದುರ್ಗದಲ್ಲಿ ಮಕ್ಕಳಿಗೆ ಬೆಳಗಿನ ಆಟ ಇದೆ. ಆ ಊರಿಗೆ ಕಳಿಸುವ ರೀಲುಗಳ ಪೆಟ್ಟಿಗೆಯಲ್ಲಿ ನಮ್ಮದೂ ಇರುವಂತೆ ಯಜಮಾನರು ನೋಡಿಕೊಂಡಿದ್ದಾರೆ. ನೀನು ಕೂಸಿನ ಜೊತೆ ಹೋಗು.

ಉಗ್ರ


ಬಾಗೂರು,
9-5-1979

ನನ್ನಪ್ಪ ಉಗ್ರ,

ಹೋಗಿ ಬಂದೆವು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ ಮೇಲೆ ದುರ್ಗ. ಪಾಲಿ ಹೊಸ ಲಂಗ ಹಾಕಿಕೊಂಡಿದ್ದಳು. ಹೊಳಲ್ಕೆರೆಯಲ್ಲಿ ಬಸ್ಸು ನಿಲ್ಲಿಸಿದಾಗ ಇಡ್ಲಿ ತಿನ್ನು ಅಂದರೆ ಬೇಡ ಅಂದಳು. "ಅವ್ವ ಹೊರಟೋಗ್ತಾಳೆ, ಬ್ಯಾಗ ಹೋಗಾಣ ತಾತ." ಥಿಯೇಟರಿನಲ್ಲಿ ಮುಂದಿನ ಬೆಂಚು ಬೇಕು ಅಂತ ಹಠ ಮಾಡಿದಳು, ಅಲ್ಲಿಯೇ ಕೂತೆವು.

ನಿನ್ನ ಬಸ್ಸು ಪರದೆಯ ಮೇಲೆ ಹಿಂದಕ್ಕೆ ಓಡಲು ಶುರು ಮಾಡಿದಾಗ ಮಕ್ಕಳೆಲ್ಲ ಚಪ್ಪಾಳೆ. ಕೋಳಿ ಹಿಂದಕ್ಕೆ ಹಾರಿ ಮೊಟ್ಟೆಯೊಳಗೆ ಸೇರಿಕೊಂಡಿತು, ಮುದುಕರ ಗಡ್ಡ ಒಳಗೆ ಹೋಯಿತು, ನಾನೂ ನಕ್ಕೆ. ಆಮೇಲೆ ಮಳೆ ಬಂತು. ನಮ್ಮ ಹಟ್ಟಿ ಬಂತು. ಬೇಲಿಯ ಒಂದೊಂದು ಮುಳ್ಳೂ ನಮ್ಮದೇ. ಗುಡಿಸಲಿನ ಬಾಗಿಲಲ್ಲಿ ಜುಂಜಮ್ಮ ತಲೆಯೆತ್ತಿ ನೋಡಿದಳು. ಗದ್ದ ಭುಜಕ್ಕೆ ತಾಗಿಸಿ ನಗುತ್ತಿದ್ದಳಲ್ಲ, ಹಾಗೇ ನಕ್ಕಳು. ನನ್ನ ಬಾಯಿಂದ "ಅವ್ವಾ" ಅಂತ ಬಂದುಬಿಟ್ಟಿತು. ಪಾಲಿ ನನ್ನ ಬಾಯಿ ಮುಚ್ಚಿದಳು. ಅವಳು ಅಳಲಿಲ್ಲ. ಒಂದು ಕೈಯಿಂದ ತನ್ನ ಎಡ ಹುಬ್ಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಆಮೇಲೆ ಬೇಲಿಯ ಒಳಗಿನಿಂದ ಒಬ್ಬ ಮುದುಕ ಬಂದ. ಅವನಿಗೆ ನೀನು ನನ್ನ ಮುಖ ಕೊಟ್ಟಿದ್ದೀಯ. ನನ್ನ ಕೋಟು, ನನ್ನ ಕನ್ನಡಕ. ಅವನು ಮಗಳನ್ನು ಒಳಗೆ ಕರೆದುಕೊಂಡು ಹೋಗಲಿಲ್ಲ. ತಾನೇ ಹೊರಗೆ ಹೋಗಿ, ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡ. ಅಷ್ಟೇ. ಮಳೆ ಸುರಿಯುತ್ತಲೇ ಇತ್ತು. ಬಸ್ಸು ಹೊರಟುಹೋಯಿತು.

ಉಗ್ರ, ಅವಳನ್ನು ಒಳಗೆ ಕರೆಯಬೇಕಿತ್ತು, ಕರೆಯಲಿಲ್ಲ ಅಂತ ಇಷ್ಟು ವರ್ಷ ನನ್ನನ್ನು ನಾನು ಬೈದುಕೊಂಡಿದ್ದೇನೆ. ನಾನು ಹೊರಗೆ ಹೋಗಬಹುದಿತ್ತು ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ. ಅದಕ್ಕೆ ಯಾವ ದೇವರ ಅಪ್ಪಣೆಯೂ ಬೇಕಿರಲಿಲ್ಲ. ಗಂಡಸರು ಆ ಕಡೆ ಹೋಗುವುದಿಲ್ಲ, ಆಯಿತು, ಹೋಗಿದ್ದರೆ ಮೈಲಿಗೆ ಅಂತ ನಾಲ್ಕು ದಿನ ನಾನೂ ಹೊರಗೇ ಇರುತ್ತಿದ್ದೆ. ಅವಳ ಜೊತೆ ಇರುತ್ತಿದ್ದೆ.

ನಿನ್ನ ಸಿನಿಮಾ ನನ್ನನ್ನು ಹೊರಗೆ ಕಳಿಸಿತು. ನೀನು ನನಗೆ ಕೊಟ್ಟದ್ದು ಏನು ಅಂತ ನನಗೆ ಅರ್ಥವಾಯಿತು. ಬಸ್ಸಿನಲ್ಲಿ ಬರುವಾಗ ಮಗ ನನ್ನನ್ನು ಬಿಟ್ಟುಕೊಡಲಿಲ್ಲ ಅಂತ ಅತ್ತೆ. ಸುಳ್ಳು ಹೇಳುವುದಿಲ್ಲ, ಸುಖವಾಯಿತು.

ಆದರೆ ಪಾಲಿ ಮರುದಿನದಿಂದ ಹಟ್ಟಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಥೆ ಹೇಳಲು ಶುರು ಮಾಡಿದಳು. "ನಮ್ಮವ್ವ ಮಳೆಯಾಗೆ ಇದ್ಲು. ನಮ್ಮ ತಾತ ಹೋಗಿ ಅವಳ ಹತ್ರ ಕುಂತ್ಕಂಡ್ರು. ಕಂಬಳಿ ಹೊದಿಸಿದ್ರು. ನಾನು ನೋಡಿದೀನಿ." ತಿಪ್ಪಕ್ಕ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ಎದ್ದು ಒಳಗೆ ಹೋದಳು.

ಚಿತ್ತಪ್ಪನೂ ಹಾಗೇ ನೋಡಿದ್ದ. ನನ್ನ ಪಾಪವನ್ನು ಅವನು ಸಾಯುವ ತನಕ ಹೊತ್ತ. ಈಗ ನಿನ್ನ ಚಿತ್ರ ಹೊರಬೇಕು, ಆಮೇಲೆ ಈ ಕೂಸು ಬದುಕಿರುವ ತನಕ ಹೊರಬೇಕು. ನನ್ನ ಕೈಲಿ ಆಗಲಿಲ್ಲ ಮಗ. ನೀನು ಪ್ರೀತಿಯಿಂದ ಕೊಟ್ಟದ್ದನ್ನು ನಾನು ಇಟ್ಟುಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳಬೇಡ.

ನಿನ್ನೆ ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ಪಾಲಿ, ಸಿನಿಮಾದಲ್ಲಿ ನಿಮ್ಮವ್ವನ ಮುಖ ನಿಜ. ನಗು ನಿಜ, ಮಳೆ ನಿಜ. ತಾತ ಹೋಗಿ ಕೂತದ್ದು ನಿಜ ಅಲ್ಲ. ನಾನು ಹೋಗಲಿಲ್ಲ."

"ಯಾಕೆ?"

"ನಾನು ಒಳ್ಳೆಯವನು ಅಂತ ಜನ ಅನ್ನಲಿ ಅಂತ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂಥ ಮಾತೂ ಅದಲ್ಲ. ಗುಡಿಸಲು ಎಲ್ಲಿತ್ತು ತೋರಿಸು ಅಂದಳು. ಕೈ ಹಿಡಿದುಕೊಂಡು ನಮ್ಮ ಮನೆ ಬಾಗಿಲಿನಿಂದ ಹೊರಟೆ. ಬೇಲಿಯ ಗಂಡಿ ದಾಟಿ ಎಡಕ್ಕೆ, ಜಾಲಿ ಮರದ ಹತ್ತಿರ. ಅವಳು ದಾರಿಯುದ್ದಕ್ಕೂ ಹೆಜ್ಜೆ ಎಣಿಸುತ್ತಿದ್ದಳು. ನಾನೇ ಕಲಿಸಿದ ಎಣಿಕೆ. ಇಲ್ಲೇ ಕಣವ್ವ ಅಂತ ನಿಂತಾಗ ನಲವತ್ತೊಂದು ಆಗಿತ್ತು.

ತಿರುಗಿ ನಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಹೊಸಿಲಿಗೆ ಬಿಟ್ಟ ರಂಗೋಲಿಯೂ ಕಾಣುತ್ತದೆ.

"ಇಷ್ಟೇನಾ ತಾತ?" ಅಂದಳು.

ಇಷ್ಟೇ ಅಂದೆ.

ನಿನ್ನ ಅಪ್ಪ,
ಯತ್ತಪ್ಪ